ಅಪ್ಪನ ಕಾರಿನ ಸಿಗದ ಸದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಪ್ಪನ ಕಾರಿನಲ್ಲಿ ಬರುತ್ತಿದ್ದ 'ಕಿರ್ರ್‌ಕಟ್' ಸದ್ದು ಕಾರಿನದ್ದಲ್ಲ, ನನ್ನದು. ತುಟಿ ಅಲುಗಿಸದೆ ಗಂಟಲಲ್ಲೇ ಹುಟ್ಟಿಸುತ್ತಿದ್ದೆ. ದೇವರು ಕೆಲವರಿಗೆ ಸಂಗೀತ ಕೊಡುತ್ತಾನೆ, ಕೆಲವರಿಗೆ ಗಣಿತ. ನನಗೆ ಕೊಟ್ಟದ್ದು ಕುಕ್ಕರಿನ ಸೀಟಿ, ಲಿಫ್ಟಿನ ಬಾಗಿಲು ಮತ್ತು ನಮ್ಮ ಟೀಮ್ ಲೀಡರ್ ಕೆಮ್ಮುವ ಶೈಲಿ. ಇದರಿಂದ ಸಂಬಳವೇನೂ ಹೆಚ್ಚಲಿಲ್ಲ. ಆ ಕೆಮ್ಮು ಅವರ ಕಿವಿಗೇ ಬಿದ್ದ ಮೇಲೆ ಹೆಚ್ಚೀತೆಂಬ ಆಸೆಯೂ ಉಳಿದಿಲ್ಲ.

ಅಪ್ಪ ದಿನವೂ ಮಹದೇವಪುರದ ನಮ್ಮ ಮನೆಯಿಂದ ಸರ್ಜಾಪುರದ ಕಡೆ ಉಳಿದಿರುವ ತೋಟಕ್ಕೆ ಹೋಗುತ್ತಾರೆ. ದಾರಿಯಲ್ಲಿ ನನ್ನನ್ನು ಬೆಳ್ಳಂದೂರಿನ ಆಫೀಸಿನ ಮುಂದೆ ಇಳಿಸುತ್ತಿದ್ದರು. ಕಾರು ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಬಂದದ್ದು. ಮುಂದಿನ ಎಡಬಾಗಿಲು ಈಗ ತೆರೆಯುವುದಿಲ್ಲವಾದ್ದರಿಂದ ನಾನು ಸಾಹೇಬನಂತೆ ಹಿಂದೆ ಕೂರುತ್ತಿದ್ದೆ. ಎ.ಸಿ. ಇದೆ, ಹಾಕುವಂತಿಲ್ಲ. "ಎ.ಸಿ. ಪೆಟ್ರೋಲ್ ಕುಡೀತದೆ ಕಣೋ. ಕಿಟಕಿ ಗಾಳಿ ಬಿಟ್ಟಿ." ದೂರದ ಸಿಗ್ನಲ್ ಕೆಂಪಾದರೆ ಇಲ್ಲಿಂದಲೇ ಎಂಜಿನ್ ಆಫ್. ಆಕ್ಸಿಲರೇಟರ್ ಮೇಲೆ ಅವರು ಕಾಲಿಡುವುದು, ಮಲಗಿದ ಮಗುವಿನ ಪಕ್ಕ ಹೆಜ್ಜೆ ಇಟ್ಟಂತೆ. ಮದುವೆ ಮನೆಯಲ್ಲಿ ಯಾರಾದರೂ "ಚೆನ್ನಾಗಿದ್ದೀಯಾ ಗೌಡ?" ಎಂದರೆ ಅಪ್ಪನ ಉತ್ತರ, "ಇನ್ನೂ ಲೀಟರ್‌ಗೆ ಅದಿನೆಂಟು ಕೊಡ್ತದೆ." ರಿಂಗ್ ರೋಡಿನ ಧೂಳು, ಬೆವರು ಎರಡನ್ನೂ ಮೆತ್ತಿಕೊಂಡು ನಾನು ಆಫೀಸು ತಲುಪಿದರೆ, ಸೆಕ್ಯುರಿಟಿಯವರು ನನ್ನ ಐಡಿ ಕಾರ್ಡಿನ ಫೋಟೋವನ್ನೂ ಮುಖವನ್ನೂ ಹೋಲಿಸಿ ನೋಡಿ, ಕೊನೆಗೆ ಕಾರ್ಡಿನ ಮೇಲೆ ನಂಬಿಕೆಯಿಟ್ಟು ಒಳಗೆ ಬಿಡುತ್ತಿದ್ದರು.

ಹಾಗಾಗಿ ಈ ಬೇಸಿಗೆಯಲ್ಲಿ ಉಪಾಯ ಹೂಡಿದೆ. ಗಾಡಿ ಸದ್ದು ಮಾಡಿದರೆ ಅಪ್ಪ ಬೇಸತ್ತು ಮಾರುತ್ತಾರೆ, ಹೊಸ ಕಾರು ತರುತ್ತಾರೆ, ನಾನು ಒಣಗಿದ ಅಂಗಿಯಲ್ಲಿ ಆಫೀಸಿಗೆ ಹೋಗುತ್ತೇನೆ. ಮಾರತ್‌ಹಳ್ಳಿ ದಾಟುವಾಗ ಮೊದಲ ಸಲ ಬಿಟ್ಟೆ: ಕಿರ್ರ್‌ಕಟ್.

"ಏನೋ ಅದು?"

"ಗೊತ್ತಿಲ್ಲಪ್ಪ. ಹಳೇದಾಯ್ತಲ್ಲ, ಮಾರ್ಬಿಡಣ."

"ಅಳೇದಾಯ್ತು ಅಂತ ಮಾರೋದಾದ್ರೆ ಮೊದ್ಲು ನಿಮ್ಮಜ್ಜೀನ ಮಾರ್ಬೇಕು. ಸುಮ್ನೆ ಕೂತ್ಕೊ."

ಅಪ್ಪ ಮಾರಲಿಲ್ಲ, ಸದ್ದಿನ ಮೂಲ ಹುಡುಕತೊಡಗಿದರು. ಅಲ್ಲಾಡುವುದನ್ನೆಲ್ಲ ದಿನಕ್ಕೊಂದರಂತೆ ಕಾರಿನಿಂದ ಇಳಿಸಿದರು. ಡಿಕ್ಕಿಯಲ್ಲಿದ್ದ ಗುದ್ದಲಿ ಹೋಯಿತು, ತೆಂಗಿನಕಾಯಿ ಚೀಲ ಹೋಯಿತು, ಹಾಡುವುದನ್ನು ಎಂದೋ ಮರೆತಿದ್ದ ಸ್ಪೀಕರುಗಳು ಹೋದವು. ನಾನು ಹಟ ಬಿಡಲಿಲ್ಲ, ಅವರೂ ಬಿಡಲಿಲ್ಲ. ಕೊನೆಗೆ ನಾನು ಕೂರುತ್ತಿದ್ದ ಸೀಟಿನ ಮೆತ್ತೆಯನ್ನೂ ಬಿಚ್ಚಿ ಅಟ್ಟಕ್ಕೆ ಹಾಕಿದರು. ಭಾರ ಇಳಿದಂತೆಲ್ಲ ಮೈಲೇಜು ಏರಿತು, ಅಪ್ಪನ ಮುಖ ಅರಳಿತು. ನಾನು ಬರೀ ತಗಡಿನ ಮೇಲೆ ಗೋಣಿಚೀಲ ಹಾಸಿ ಕುಳಿತೆ. ರಸ್ತೆ ಉಬ್ಬು ಬಂದಾಗ ನನ್ನಿಂದ ಎರಡು ಸದ್ದು ಹೊರಡುತ್ತಿದ್ದವು. ಅದರಲ್ಲಿ ಒಂದು ಮಾತ್ರ ಮಿಮಿಕ್ರಿ.

ಅಷ್ಟರಲ್ಲಿ ಜ್ವರ ಬಂದು ಎರಡು ದಿನ ಮನೆಯಲ್ಲೇ ಮಲಗಿದೆ. ಗುಣವಾಗಿ ಬ್ಯಾಗು ಹೆಗಲಿಗೇರಿಸಿ ಬಂದು ಹಿಂದಿನ ಬಾಗಿಲು ಎಳೆದರೆ ಲಾಕ್. ಅಪ್ಪ ಕಿಟಕಿಯ ಗಾಜನ್ನು ನಿಧಾನವಾಗಿ ಇಳಿಸಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು:

"ನೀನಿಲ್ದಿದ್ದ ಎರಡು ದಿನ ಸದ್ದೂ ಇಲ್ಲ, ಮೈಲೇಜೂ ಜಾಸ್ತಿ ಬಂತು. ಕೆಟ್ಟಿರೋ ಪಾರ್ಟು ಯಾವ್ದು ಅಂತ ಸಿಕ್ತು ಮಗಾ. ನೀನು ಬಸ್ಸಲ್ಲಿ ಓಗು."