ಕನ್ನಡಕಪ್ಪನ ಆಂಪ್ಲಿಫೈಯರ್

ಕನ್ನಡಕಪ್ಪನ ನೆಮ್ಮದಿ ಕೆಟ್ಟದ್ದು ಭಾಮೈದ ಕೇಳಿದ ಒಂದು ಪ್ರಶ್ನೆಯಿಂದ. ಹಿಂದಿನ ರಾತ್ರಿ ವರ್ತಕರ ಸಂಘದ ವಾರ್ಷಿಕೋತ್ಸವದಲ್ಲಿ ಇವನ ಬ್ಯಾಂಡಿನ ಕಾರ್ಯಕ್ರಮವಿತ್ತು. ಭಾಮೈದ ಮುಂದಿನ ಸಾಲಿನಲ್ಲಿ ಕೂತು ಕೊನೆಯವರೆಗೂ ಕೇಳಿ ಚಪ್ಪಾಳೆಯನ್ನೂ ತಟ್ಟಿದ್ದ. ಬೆಳಿಗ್ಗೆ ಮನೆಗೆ ಬಂದವನು ಕಾಫಿ ಲೋಟ ಕೆಳಗಿಡುತ್ತ ಕೇಳಿದ.

“ಎಲ್ಲ ಚೆನ್ನಾಗಿತ್ತು ಭಾವ. ನೀವು ಯಾವಾಗ ನುಡಿಸಿದ್ರಿ?”

ಕನ್ನಡಕಪ್ಪ ಇಡೀ ಕಾರ್ಯಕ್ರಮದುದ್ದಕ್ಕೂ ಬೆವರು ಸುರಿಸಿ ನುಡಿಸಿದ್ದ. ಬೆರಳ ತುದಿಗಳು ಇನ್ನೂ ಉರಿಯುತ್ತಿದ್ದವು. ಆಸರೆಗೆಂದು ಹೆಂಡತಿಯ ಮುಖ ನೋಡಿದ. ತಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ, ಅಲ್ಲಿಗೆ ಏನೂ ಸರಿಯಾಗಿ ಕೇಳಿಸುತ್ತಿರಲಿಲ್ಲ ಎಂದು ಅವಳು ಅಡುಗೆಮನೆಗೆ ಜಾರಿಕೊಂಡಳು.

ಕನ್ನಡಕಪ್ಪ ಎಂದು ಅವನಿಗೆ ಹೆಸರಿಟ್ಟವರು ಬ್ಯಾಂಡಿನವರೇ. ಕನ್ನಡಕದ ಅಂಗಡಿ ಇಟ್ಟವನಿಗೆ ಇನ್ನೇನು ಹೆಸರಿಡಲು ಸಾಧ್ಯ? ಬ್ಯಾಂಡ್ ಎಂದರೆ ಒಟ್ಟು ಮೂರು ಜನ. ಹಾಡುವವರು ಹಲ್ಲಿನ ಡಾಕ್ಟರು; ಹಗಲೆಲ್ಲ ಊರವರ ಬಾಯಿ ತೆರೆಸಿ, ಸಂಜೆ ತಮ್ಮ ಬಾಯಿ ತೆರೆಯುತ್ತಿದ್ದರು. ಕೀಬೋರ್ಡಿಗೆ ಹಾಸಿಗೆ ಅಂಗಡಿಯ ಸಾಹುಕಾರರು. ಅವರ ಗೋದಾಮಿನಲ್ಲೇ ಪ್ರಾಕ್ಟೀಸು. ಡ್ರಮ್ ಬಾರಿಸುವವನು ಊರು ಬಿಟ್ಟ ಮೇಲೆ ತಾಳವನ್ನು ಅವರವರ ಆತ್ಮಸಾಕ್ಷಿಗೆ ಬಿಡಲಾಗಿತ್ತು. ಕನ್ನಡಕಪ್ಪನ ಗಿಟಾರಿಗೆ ಸ್ವಂತ ಆಂಪ್ಲಿಫೈಯರ್ ಇರಲಿಲ್ಲ. ಡಾಕ್ಟರ ಸ್ಪೀಕರ್ ಪೆಟ್ಟಿಗೆಗೇ ಅದರ ವಯರನ್ನೂ ಸಿಕ್ಕಿಸುತ್ತಿದ್ದರು. ತನ್ನ ಗಿಟಾರು ತನಗೇ ಕೇಳುತ್ತಿಲ್ಲವಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ, ಹಾಸಿಗೆಗಳು ಸದ್ದನ್ನು ನುಂಗುತ್ತವೆ ಎಂದು ಡಾಕ್ಟರು ವಿಜ್ಞಾನ ಹೇಳಿದ್ದರು. ಇವನು ನಂಬಿದ್ದ. ಆದರೆ ವರ್ತಕರ ಸಂಘದ ಸಭಾಂಗಣದಲ್ಲಿ ಹಾಸಿಗೆಗಳಿರಲಿಲ್ಲ.

ಒಂದೇ ಒಂದು ಸಲ ಯಾರಾದರೂ ತನ್ನ ಗಿಟಾರನ್ನು ಕೇಳಿ ತಲೆದೂಗಬೇಕು. ಅಷ್ಟೇ ಅವನ ಆಸೆ. ಅದಕ್ಕೆ ಸ್ವಂತ ಆಂಪ್ಲಿಫೈಯರೇ ಬೇಕು, ಹಳೆಯದಾದರೂ ಸರಿ, ಇವತ್ತಿನ ಪ್ರಾಕ್ಟೀಸಿನೊಳಗೇ ಬೇಕು ಎಂದು ಕಾಫಿ ಆರುವ ಮೊದಲೇ ತೀರ್ಮಾನವಾಯಿತು.

ಅಡ್ಡಿ ಇದ್ದದ್ದು ಒಂದೇ, ಅದು ಕೆಳಗಿನ ಮನೆಯಲ್ಲಿತ್ತು. ಅಲ್ಲಿದ್ದವರು ನಿವೃತ್ತ ಡ್ರಿಲ್ ಮೇಡಂ. ಮೂರು ತಲೆಮಾರಿನ ಮಕ್ಕಳನ್ನು ಬಿಸಿಲಲ್ಲಿ ಎಡ ಬಲ ಎಂದು ನಡೆಸಿದವರು. ಈಗ ಮಂಡಿ ನೋವಿಗೆ ಕೋಲು ಹಿಡಿದಿದ್ದರು. ಕನ್ನಡಕಪ್ಪ ಸಂಜೆ ಹಳೆಯ ರೇಡಿಯೋಗೆ ಗಿಟಾರು ಸಿಕ್ಕಿಸಿ ನುಡಿಸಲು ಕೂತರೆ ಸಾಕು, ಕೆಳಗಿನಿಂದ ಆ ಕೋಲು ಚಾವಣಿಗೆ ‘ಟಕ್’ ಎಂದು ಬಡಿಯುತ್ತಿತ್ತು. ಇವನು ಸದ್ದು ತಗ್ಗಿಸಿದರೂ ಬಡಿಯುತ್ತಿತ್ತು. ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಾಗ ಕೈಮುಗಿದು ಕ್ಷಮೆ ಕೇಳಿದ್ದ. ಅಭ್ಯಾಸ ಬಿಡಬಾರದು, ಮುಂದುವರಿಸಿ ಎಂದು ಅವರು ಹೇಳಿದ್ದು ಅವನಿಗೆ ಬೆದರಿಕೆಯಂತೆ ಕೇಳಿಸಿತ್ತು.

ಹಾಗಾಗಿ ಬೇಕಾದದ್ದು ಎರಡು ನಾಲಿಗೆಯ ಪೆಟ್ಟಿಗೆ: ಮನೆಯಲ್ಲಿ ಪಿಸುಗುಡಬೇಕು, ಗೋದಾಮಿನಲ್ಲಿ ಗುಡುಗಬೇಕು. ಇಷ್ಟು ಸಾಲದೆಂಬಂತೆ ಹೆಂಡತಿ ಮೆಟ್ಟಿಲಲ್ಲೇ ನಿಂತು ಡ್ರಿಲ್ ಮೇಡಂಗೆ ಸುದ್ದಿ ಮುಟ್ಟಿಸಿದಳು. ಮೇಡಂ ಚಪ್ಪಲಿ ಮೆಟ್ಟಿಕೊಂಡೇ ಹೊರಬಂದರು.

“ನಾನೂ ಬರ್ತೀನಿ. ದಿನಾ ಕೇಳೋಳು ನಾನಲ್ವೇನ್ರಿ?”

ಭಾಮೈದನದ್ದು ಲಾಂಡ್ರಿ. ಅವನ ವ್ಯಾನಿನ ಮುಂದಿನ ಸೀಟಿನಲ್ಲಿ ಮೇಡಂ ಕೋಲು ನೆಟ್ಟು ಕೂತರು. ಕನ್ನಡಕಪ್ಪ ಹಿಂದೆ, ಇಸ್ತ್ರಿ ಮಾಡಿ ತೂಗುಹಾಕಿದ ಯಾರು ಯಾರದೋ ಪ್ಯಾಂಟುಗಳ ನಡುವೆ ನಿಂತು ಗಿಟಾರು ತಬ್ಬಿಕೊಂಡು ಹೋದ. ತಿರುವು ಬಂದಾಗಲೆಲ್ಲ ಪ್ಯಾಂಟುಗಳು ಬಂದು ಅವನ ಕೆನ್ನೆ ಸವರುತ್ತಿದ್ದವು.

ಹಳೆ ವಾದ್ಯಗಳ ಅಂಗಡಿಯವನು ಮೊದಲು ತೋರಿಸಿದ ಆಂಪ್ಲಿಫೈಯರ್ ಬೀರುವಿನಷ್ಟಿತ್ತು. ವಾಲ್ಯೂಮನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮೌನ, ಇನ್ನೊಂದು ಎಳೆ ತಿರುಗಿಸಿದರೆ ಗೋಡೆಗೆ ತೂಗುಹಾಕಿದ್ದ ಪಿಟೀಲುಗಳೆಲ್ಲ ನಡುಗಿದವು. ಎರಡನೆಯದು ಊಟದ ಡಬ್ಬಿಯ ಗಾತ್ರದ್ದು. ಮನೆಗೆ ಹೇಳಿಮಾಡಿಸಿದಂತಿದ್ದರೂ ಡಾಕ್ಟರ ಕಂಠದೆದುರು ಅದು ಸೊಳ್ಳೆಗೆ ಸಮ. ಮೂರನೆಯದರ ನೆತ್ತಿಯ ಮೇಲೆ ಯಾರೋ ಲೋಟವಿಟ್ಟ ಉಂಗುರದ ಕಲೆ, ಹಿಡಿಕೆಯ ಜಾಗದಲ್ಲಿ ಸೊಂಟದ ಬೆಲ್ಟು. ಆದರೆ ಬೆನ್ನಲ್ಲಿ ಒಂದು ಸ್ವಿಚ್ಚಿತ್ತು: ಕೆಳಗೊತ್ತಿದರೆ ಮನೆಗೆ, ಮೇಲಕ್ಕೊತ್ತಿದರೆ ಬ್ಯಾಂಡಿಗೆ. ಗಿಟಾರಿಗೊಂದು, ಮೈಕಿಗೊಂದು ಎಂದು ಎರಡು ತೂತುಗಳು. ಒಂದೊಂದಕ್ಕೂ ಬೇರೆ ವಾಲ್ಯೂಮು.

ಅಂಗಡಿಯವನು ಒಂದೇ ಸ್ವರವನ್ನು ಎರಡು ರೀತಿಯಲ್ಲಿ ಮೀಟಿ ಕೇಳಿದ. “ಯಾವುದು ಚೆನ್ನಾಗಿದೆ ಸಾರ್, ಇದಾ, ಇದಾ?”

ದಿನವಿಡೀ ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಿಸುತ್ತ ಇದೇ ಪ್ರಶ್ನೆ ಕೇಳುವ ಕನ್ನಡಕಪ್ಪನಿಗೆ, ಗಿರಾಕಿಗಳು ಯಾಕೆ ತಡವರಿಸುತ್ತಾರೆಂಬುದು ಅವತ್ತು ಅರ್ಥವಾಯಿತು. ಎರಡೂ ಒಂದೇ ಥರ ಕೇಳಿಸಿದವು. ಮೊದಲನೆಯದು ಎಂದ. ಅಂಗಡಿಯವನು ಮುಖ ಸಣ್ಣಗೆ ಮಾಡಿದ್ದು ಕಂಡು, ಎರಡನೆಯದು ಎಂದು ತಿದ್ದಿಕೊಂಡ.

ಇವರೇ ನುಡಿಸಿ ನೋಡಲಿ ಎಂದರು ಮೇಡಂ, ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು. ಕನ್ನಡಕಪ್ಪ ಸ್ವಿಚ್ಚನ್ನು ಮನೆಗೆ ಒತ್ತಿ ದಿನಾ ನುಡಿಸುವ ಹಾಡನ್ನೇ ಎತ್ತಿಕೊಂಡ. ಎರಡು ಸಾಲು ಮುಗಿಯುವಷ್ಟರಲ್ಲಿ ಕೋಲು ನೆಲಕ್ಕೆ ಬಡಿಯಿತು. ಅವನು ಬೆಚ್ಚಿ ವಾಲ್ಯೂಮ್ ತಗ್ಗಿಸಿದ. ಮತ್ತೆ ಟಕ್. ಇನ್ನೂ ತಗ್ಗಿಸಿದ. ಕೊನೆಗೆ ಪೆಟ್ಟಿಗೆಗೆ ಕಿವಿ ಹಚ್ಚಿದರೆ ಮಾತ್ರ ಕೇಳುವಷ್ಟಾಯಿತು. ಟಕ್ ಮಾತ್ರ ನಿಲ್ಲಲಿಲ್ಲ. ಈ ವಯಸ್ಸಿನಲ್ಲಿ ಇಂಥ ಕಿವಿಯೇ ಎಂದು ಅವನಿಗೆ ದಿಗಿಲಾಯಿತು. ಇದಕ್ಕಿಂತ ಮೆತ್ತಗೆ ಮಾತಾಡುವ ಪೆಟ್ಟಿಗೆ ಭೂಮಿಯ ಮೇಲಿಲ್ಲವೆಂದು ಅಂಗಡಿಯವನು ಪ್ರಮಾಣ ಮಾಡಿದ ಮೇಲೆ ವ್ಯಾಪಾರ ಕುದುರಿತು.

ಹಿಂತಿರುಗುವಾಗ ಮೇಡಂ ಮನೆಯ ಹತ್ತಿರ ಇಳಿಯಲಿಲ್ಲ. ಪ್ರಾಕ್ಟೀಸನ್ನೂ ನೋಡಿಯೇ ಬರುತ್ತೇನೆಂದರು. ಬೇಡ ಅನ್ನುವ ಎದೆಗಾರಿಕೆ ಪ್ಯಾಂಟುಗಳ ನಡುವೆ ಇದ್ದವನಿಗೆ ಬರಲಿಲ್ಲ. ಅವರನ್ನೂ ಪೆಟ್ಟಿಗೆಯನ್ನೂ ಗೋದಾಮಿನಲ್ಲಿ ಇಳಿಸಿ, ಪ್ಯಾಂಟುಗಳನ್ನು ಅವುಗಳ ಯಜಮಾನರಿಗೆ ಮುಟ್ಟಿಸಿ ಬರುವೆನೆಂದು ಭಾಮೈದ ಹೋದ.

ಗೋದಾಮಿನಲ್ಲಿ ಕನ್ನಡಕಪ್ಪ ಹೊಸ ಮನುಷ್ಯನಾದ. ಡಾಕ್ಟರ ಪೆಟ್ಟಿಗೆಯ ಕಡೆ ತಿರುಗಿಯೂ ನೋಡದೆ ತನ್ನದಕ್ಕೆ ತಾನೇ ವಯರು ಸಿಕ್ಕಿಸಿ, ಸ್ವಿಚ್ಚನ್ನು ಮೇಲಕ್ಕೊತ್ತಿದ. ಹಾಡು ಶುರುವಾಯಿತು. ಚಾವಣಿಯವರೆಗೆ ಪೇರಿಸಿದ ಹಾಸಿಗೆಗಳನ್ನೂ ಭೇದಿಸಿಕೊಂಡು ಅವನ ಗಿಟಾರು ಗೋಡೆಯಿಂದ ಗೋಡೆಗೆ ಮೊಳಗಿತು. ಅವನು ಸಂತೋಷದಿಂದ ಕಣ್ಣು ಮುಚ್ಚಿ ನುಡಿಸಿದ.

ಕಣ್ಣು ಬಿಟ್ಟಾಗ ಡಾಕ್ಟರು ಬಾಯಿ ಮುಚ್ಚಿಕೊಂಡಿದ್ದರು. ಸಾಹುಕಾರರು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ಹಾಸಿಗೆಯೊಂದರ ಮೇಲೆ ಕೂತಿದ್ದ ಮೇಡಂ ಕೋಲನ್ನು ನೆಲಕ್ಕೆ ಟಕ್ಕೆಂದು ಕುಟ್ಟಿದರು.

“ಮೇಡಂ, ಇಲ್ಲೂ ಸದ್ದು ಜಾಸ್ತಿ ಆಯ್ತಾ?” ಕನ್ನಡಕಪ್ಪನ ದನಿ ಅಳುವಿನ ಅಂಚಿಗೆ ಬಂದಿತ್ತು.

“ಸದ್ದಿಗೆ ನಾನು ಯಾವತ್ರೀ ಕುಟ್ಟಿದೀನಿ?” ಮೇಡಂಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ನೀವು ತಾಳ ತಪ್ಪಿದ ಕಡೆ ಕುಟ್ತೀನಿ. ಮೂರನೇ ಸಾಲಲ್ಲಿ ಓಡ್ತೀರಿ, ಐದರಲ್ಲಿ ನಿಂತೇ ಬಿಡ್ತೀರಿ. ದಿನಾ ಕೆಳಗಿಂದ ತಿದ್ತಾ ಇದೀನಿ, ನೀವು ತಿದ್ಕೊಳ್ಳೋದು ಬಿಟ್ಟು ಮೆತ್ತಗೆ ನುಡಿಸ್ತೀರಿ.”

ಕನ್ನಡಕಪ್ಪ ಅಲ್ಲ ಅನ್ನಿ ಎನ್ನುವಂತೆ ಡಾಕ್ಟರ ಕಡೆ ತಿರುಗಿದ. ಅವರು ಕೆಮ್ಮಿದರು.

“ಬೇಜಾರು ಮಾಡ್ಕೋಬೇಡಿ. ನಿಮ್ಮ ವಾಲ್ಯೂಮ್ನ ನಾನು ಮೊದಲಿಂದ್ಲೂ ಸೊನ್ನೇಲೇ ಇಟ್ಟಿದ್ದೆ. ನೀವು ನಿಂತ್ರೆ ವೇದಿಕೆ ತುಂಬಿದ ಹಾಗೆ ಕಾಣುತ್ತೆ, ಅದಕ್ಕೇ…”

ಕನ್ನಡಕಪ್ಪನಿಗೆ ಇಷ್ಟು ದಿನ ಹಾಸಿಗೆಗಳ ಮೇಲೆ ಹೊರಿಸಿದ ಅಪವಾದ ನೆನಪಾಗಿ ತುಂಬ ನೋವಾಯಿತು. ಗಿಟಾರನ್ನು ಚೀಲಕ್ಕೆ ತುಂಬಿ ಹೊರಟುಬಿಡೋಣವೆಂದುಕೊಂಡ. ಅಷ್ಟರಲ್ಲಿ ಸಾಹುಕಾರರು ಕೋಲನ್ನೇ ದಿಟ್ಟಿಸುತ್ತ, ಮೇಡಂ ಒಂದು ಹಾಡು ಪೂರ್ತಿ ಕುಟ್ಟಬಲ್ಲರೇ ಎಂದು ವಿಚಾರಿಸಿದರು. ಜೀವನವಿಡೀ ತಾನು ಮಾಡಿದ್ದು ಇನ್ನೇನು ಎಂದರು ಮೇಡಂ. ಡಾಕ್ಟರು ಹೆಚ್ಚಿಗೆ ಇದ್ದ ಮೈಕನ್ನು ತಂದು ಹೊಸ ಆಂಪ್ಲಿಫೈಯರಿನ ಎರಡನೆಯ ತೂತಿಗೆ ಸಿಕ್ಕಿಸಿ, ಕೋಲಿನ ಬುಡದಲ್ಲಿಟ್ಟರು. ಹಾಗೆಯೇ ಸ್ವಲ್ಪ ಹೊತ್ತಿಗೆ ಮಾತ್ರ ಎಂದು, ಗಿಟಾರಿನ ವಾಲ್ಯೂಮನ್ನು ಮೆಲ್ಲಗೆ ಸೊನ್ನೆಗೆ ತಿರುಗಿಸಿದರು.

ಟಕ್, ಟಕ್, ಟಕ್, ಟಕ್. ಡ್ರಮ್ಮಿನವನು ಬಿಟ್ಟುಹೋದ ಮೇಲೆ ಮೊದಲ ಬಾರಿಗೆ ಹಾಡೂ ಕೀಬೋರ್ಡೂ ಒಟ್ಟಿಗೆ ಹೊರಟು ಒಟ್ಟಿಗೆ ಮನೆ ಸೇರಿದವು. ಕನ್ನಡಕಪ್ಪನೂ ಸುಮ್ಮನಿರಲಾಗದೆ ಮೂರನೆಯ ಸಾಲಿನಲ್ಲಿ ಓಡದೆ, ಐದರಲ್ಲಿ ನಿಲ್ಲದೆ, ಕೋಲಿಗೆ ಕಿವಿಗೊಟ್ಟು ಕೊನೆಯವರೆಗೂ ನುಡಿಸಿದ. ಹುಟ್ಟಿದಂದಿನಿಂದ ಅವನು ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ.

ಬಟ್ಟೆ ಕೊಟ್ಟು ಬಂದ ಭಾಮೈದ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿ, ತಲೆದೂಗುತ್ತ ಒಳಗೆ ಬಂದ.

“ಒಳ್ಳೇ ಪೆಟ್ಟಿಗೆ ಸಿಕ್ತು ಭಾವ. ಆ ಟಕ್ ಟಕ್ ರಸ್ತೆ ತನಕ ಕೇಳ್ತಿತ್ತು,” ಎಂದು ಪಕ್ಕದ ಹಾಸಿಗೆಯ ಮೇಲೆ ಆರಾಮಾಗಿ ಕೂತು, ಭಾವನ ಕಡೆಗೆ ಆಸೆಯಿಂದ ನೋಡಿದ. “ನೀವಿನ್ನೂ ಶುರು ಮಾಡಿಲ್ವಲ್ಲ, ಸದ್ಯ.”