ನಮ್ಮ ಮಾವನ ಮುಗಿಯದ ಸೈಕಲ್ಲು

ನಮ್ಮ ಮಾವನ ಸೈಕಲ್ಲನ್ನು ನೋಡಿದ ಯಾರೂ ಅದು ಸೈಕಲ್ಲೆಂದು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಮಾವನಂತೂ ಒಪ್ಪುತ್ತಲೇ ಇರಲಿಲ್ಲ. "ಇದಿನ್ನೂ ಸೈಕಲ್ ಆಗಿಲ್ಲೋ ತಮ್ಮಾ, ಆಗಾಕ ಹತ್ತೈತಿ" ಎನ್ನುತ್ತಿದ್ದರು. ಹೀಗೆ ಅದು ಆಗುತ್ತಾ ಆಗುತ್ತಾ ಯುದ್ಧ ಮುಗಿಯಿತು, ಬಿಳಿಯರು ಗಂಟು ಕಟ್ಟಿಕೊಂಡು ಹೋದರು, ದೇಶಕ್ಕೆ ಹೊಸ ಬಾವುಟ ಬಂತು. ಸೈಕಲ್ಲು ಮಾತ್ರ ಆಗಲಿಲ್ಲ!

ಮಾವ ಎಂದರೆ ನಮ್ಮ ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನನ್ನೂ ಮಾವ ಎಂದೇ ಕರೆಯುವುದು. ಸಿರುಗುಪ್ಪದಲ್ಲಿ ಅವರ ಮನೆ. ಅಲ್ಲಿನ ಅಕ್ಕಿ ಗಿರಣಿಯೊಂದಕ್ಕೆ ಹಳ್ಳಿಹಳ್ಳಿ ತಿರುಗಿ ಭತ್ತ ನೋಡಿ ಬರುವುದು ಅವರ ಕೆಲಸ. ಒಂದು ಹಿಡಿ ಭತ್ತ ಅಂಗೈಯಲ್ಲಿಟ್ಟು ಉಜ್ಜಿ, ಉಫ್ ಎಂದು ಊದಿ, ಒಂದು ಕಾಳು ಹಲ್ಲಲ್ಲಿ ಕಚ್ಚಿ, ಬೇಕು ಬೇಡ ಹೇಳಿ ಹೊರಟುಬಿಡುವರು. ಭತ್ತದ ವಿಷಯದಲ್ಲಿ ಇಷ್ಟು ಬೇಗ ತೀರ್ಮಾನಕ್ಕೆ ಬರುವ ಮನುಷ್ಯ ಒಂದು ಬೆಲ್ಲು ಆರಿಸಲು ಅರ್ಧ ದಿನ ಅಂಗಡಿಯಲ್ಲಿ ನಿಲ್ಲುತ್ತಾನೆಂದರೆ ನಂಬುತ್ತೀರಾ? ಅಂಗಡಿಯ ಎಲ್ಲ ಬೆಲ್ಲುಗಳನ್ನೂ ಬಾರಿಸಿ ನೋಡಿ, ಕಣ್ಣು ಮುಚ್ಚಿಕೊಂಡು ಮತ್ತೆ ಬಾರಿಸಿ, ಕೊನೆಗೆ ನಾಳೆ ಬರುತ್ತೇನೆ ಎಂದು ಎದ್ದು ಬರುತ್ತಿದ್ದರು. ನಾನು ಕುರುಗೋಡಿನ ಶಾಲೆಯಲ್ಲಿ ಮೇಷ್ಟ್ರು. ಆ ಸೀಮೆಗೆ ಭತ್ತ ನೋಡಲು ಬಂದಾಗಲೆಲ್ಲ ಮಾವನ ಊಟ ನಮ್ಮ ಮನೆಯಲ್ಲೇ. ಹೀಗಾಗಿ ಆ ಸೈಕಲ್ಲಿನ ಎಲ್ಲ ಅವತಾರಗಳಿಗೂ ನಾನು ಸಾಕ್ಷಿ.

ಮೊದಲು ಅದು ಎಲ್ಲರ ಸೈಕಲ್ಲಿನಂಥದೇ ಸೈಕಲ್ಲು. ಬಳ್ಳಾರಿಯ ದಂಡಿನಲ್ಲಿದ್ದ ಯಾರೋ ಬಿಳಿ ಸಾಹೇಬ ಬಿಟ್ಟುಹೋದದ್ದು. ಕಪ್ಪು ಬಣ್ಣ, ನೇರ ಹ್ಯಾಂಡಲ್ಲು, ಗಟ್ಟಿ ಕ್ಯಾರಿಯರ್. ಅದು ಕೆಟ್ಟದ್ದು ಒಂದು ಮಿರ್ಚಿ ಬಜ್ಜಿಯಿಂದ. ಬಳ್ಳಾರಿಯಲ್ಲಿ ಮಾವ ಮಿರ್ಚಿ ತಿನ್ನಲು ನಿಂತಾಗ ಅಂಗಡಿಯವನು ಅದನ್ನು ಯಾವುದೋ ವಿಲಾಯತಿ ಪತ್ರಿಕೆಯ ಹಾಳೆಯಲ್ಲಿ ಕಟ್ಟಿಕೊಟ್ಟ. ಹಾಳೆಯಲ್ಲಿ ಓಟದ ಸೈಕಲ್ಲಿನ ಚಿತ್ರ! ಸವಾರ ಬಿಲ್ಲಿನಂತೆ ಬಾಗಿದ್ದಾನೆ. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಕ್ಕೆ ಸುತ್ತಿಕೊಂಡಿದೆ. ಮಾವ ಮಿರ್ಚಿಯನ್ನು ಪಕ್ಕದವರಿಗೆ ಕೊಟ್ಟು, ಎಣ್ಣೆ ಹಾಳೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ನೇರವಾಗಿ ಕೌಲ್ ಬಜಾರಿನ ಸೈಕಲ್ ಮಿಸ್ತ್ರಿಯ ಬಳಿಗೆ ನಡೆದರು.

ಮಿಸ್ತ್ರಿ ವಯಸ್ಸಾದ ಸಾಹೇಬರು, ಮಾವನನ್ನು ಬಹಳ ಹಿಂದಿನಿಂದ ಬಲ್ಲವರು. ಹಾಳೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮಿರ್ಚಿಯ ಎಣ್ಣೆ ಹರಡಿ ಮುಂದಿನ ಗಾಲಿ ಪೂರಾ ಮಾಯವಾಗಿತ್ತು.

"ಮುಂದಿನ ಗಾಲಿ ಇಟ್ಕೊಂತೀರೋ, ಅದನ್ನೂ ತಗೀಲೋ?" ಎಂದು ಕೇಳಿದರು ಮಿಸ್ತ್ರಿ, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ.

ಗಾಲಿ ಉಳಿಯಿತು. ಹ್ಯಾಂಡಲ್ಲು ಕುಲುಮೆಗೆ ಹೋಯಿತು. ಕೆಂಪಗೆ ಕಾಯಿಸಿ, ಮರದ ಕೊರಡಿಗೆ ಸುತ್ತಿ ಬಗ್ಗಿಸಿದ್ದಾಯಿತು. ಒಂದು ಕೊಂಬು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ ಬಂತು. ಕಾದಾಡಿ ಬಂದ ಟಗರಿನ ಹಾಗೆ ಕಾಣುತ್ತದೆ ಎಂದು ಮಿಸ್ತ್ರಿ ಸಮಾಧಾನ ಹೇಳಿದರಂತೆ. ಮಾವನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು.

ಮರುದಿನವೇ ಆ ಸೈಕಲ್ಲನ್ನೇರಿ ಬಾದನಹಟ್ಟಿಗೆ ಹೊರಟರು. ನಮ್ಮ ಮಾವನ ಹೊಟ್ಟೆ ಸ್ವಲ್ಪ ಮುಂದೆ ಬಂದದ್ದು. ವಿಲಾಯತಿಯವರಿಗೆ ಹೊಟ್ಟೆ ಒಳಗೆ ಇರುವುದರಿಂದ ಬಗ್ಗುವುದು ಸಲೀಸು. ಮಾವನಿಗೆ ಬಗ್ಗಿದಾಗ ಉಸಿರು ನಿಲ್ಲುತ್ತಿತ್ತು, ಉಸಿರಾಡಲು ಎದ್ದರೆ ಹ್ಯಾಂಡಲ್ಲು ಸಿಗುತ್ತಿರಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು, ಎದೆ ಮೊಣಕಾಲಿಗೆ ತಾಗಿಸಿಕೊಂಡು, ಹೂಂ ಹೂಂ ಎಂದು ನರಳುತ್ತಾ ಊರೊಳಗೆ ಬಂದ ಮನುಷ್ಯನನ್ನು ಕಂಡು ಬಾದನಹಟ್ಟಿಯ ಜನಕ್ಕೆ ಕರುಳು ಚುರುಕ್ಕೆಂದಿತು. ಹೊಟ್ಟೆನೋವಿನಲ್ಲೂ ಪಾಪ ಕೆಲಸಕ್ಕೆ ಬಂದಿದ್ದಾನೆ ಎಂದು ಇಬ್ಬರು ಅನಾಮತ್ತಾಗಿ ಎತ್ತಿ ಕಟ್ಟೆಯ ಮೇಲೆ ಮಲಗಿಸಿದರು. ಮುದುಕಿಯೊಬ್ಬಳು ಓಮಿನ ಕಷಾಯ ತಂದು ಕುಡಿಸಿಯೇ ಬಿಟ್ಟಳು. ಇದು ಹೊಟ್ಟೆನೋವಲ್ಲ, ವೇಗ ಎಂದು ಮಾವ ಎಷ್ಟು ಹೇಳಿದರೂ ಆಕೆ ಕೇಳಲಿಲ್ಲ. ಹೌದಪ್ಪಾ, ಬಹಳ ವೇಗವಾಗಿಯೇ ಬರುತ್ತದೆ ಈ ನೋವು ಎಂದು ಇನ್ನೊಂದು ಲೋಟ ಕುಡಿಸಿದಳಂತೆ.

ಇಷ್ಟಕ್ಕೆ ಬಿಡುವ ಮನುಷ್ಯರೇ? ಸೈಕಲ್ಲು ಹಗುರಾಗಬೇಕು ಎಂದು ಮಡ್‌ಗಾರ್ಡುಗಳನ್ನು ಕಿತ್ತು ಅಟ್ಟಕ್ಕೆ ಹಾಕಿದರು. ಚೈನಿನ ಮುಚ್ಚಳ ಹೋಯಿತು, ಕ್ಯಾರಿಯರ್ ಹೋಯಿತು, ಸ್ಟ್ಯಾಂಡೂ ಹೋಯಿತು. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ದಾರಿಗಳ ಗುಣ ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಒಂದು ಮಧ್ಯಾಹ್ನ ಕುರುಗೋಡಿನ ನಮ್ಮ ಮನೆಯಲ್ಲಿ ನೆಂಟರು ತುಂಬಿದ್ದರು. ಮಾವ ಬಂದು, ಬಾಗಿಲಲ್ಲಿ ನಿಂತು ಎಲ್ಲರಿಗೂ ಗಂಭೀರವಾಗಿ ನಮಸ್ಕಾರ ಮಾಡಿದರು. ಮುಂದಿನಿಂದ ಬಿಳಿ ಅಂಗಿ, ಬಿಳಿ ಧೋತರ, ಅಳಿಯ ಎಂದರೆ ಹೀಗಿರಬೇಕು ಎನ್ನುವಂತಿದ್ದರು. ಕಾಲು ತೊಳೆಯಲು ಆಚೆ ತಿರುಗಿದರು ನೋಡಿ, ಸೊಂಟದಿಂದ ಹಿಡಿದು ಟೋಪಿಯ ತುದಿಯವರೆಗೆ ಬೆನ್ನ ಮೇಲೆ ಅಳಿಲಿನ ಹಾಗೆ ಒಂದು ಕರಿ ಪಟ್ಟೆ! ನಮ್ಮ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಳಿಯನ ಎದುರು ಅವ್ವ ನಕ್ಕದ್ದು ಅದೇ ಮೊದಲು. ಮಡ್‌ಗಾರ್ಡುಗಳು ಅಟ್ಟದಿಂದ ಇಳಿದುವು. ಆದರೆ ಬರಿಗೈಯಲ್ಲಿ ಇಳಿಯಲಿಲ್ಲ. ಹಿಂದಿನದಕ್ಕೆ ಕೆಂಪು ಗಾಜು ಬಂತು, ಮುಂದಿನದರ ಮೂಗಿಗೆ ಹಿತ್ತಾಳೆಯ ಗಿಳಿ ಬಂತು.

ಅಲ್ಲಿಂದ ಶುರುವಾಯಿತು ನೋಡಿ ಅಲಂಕಾರ ಪರ್ವ. ಹಗುರಾಗಬೇಕೆಂದು ಬಿಚ್ಚಿದ್ದು ಒಂದಾದರೆ ಚಂದಕ್ಕೆಂದು ಏರಿಸಿದ್ದು ಹತ್ತು. ಕನ್ನಡಿ ಬಂತು. ಹಿಂದೆ ಬರುವವರನ್ನು ನೋಡಲು ಇಟ್ಟ ಕನ್ನಡಿಯಲ್ಲಿ ಮಾವ ತಮ್ಮ ಮೀಸೆ ನೋಡಿಕೊಳ್ಳುತ್ತಾ ಕಾಲುವೆಗೆ ಇಳಿದರು. ಡೈನಮೊ ದೀಪ ಬಂತು. ಮುಸ್ಸಂಜೆಯಲ್ಲಿ ಎದುರಿಗೆ ಏನೋ ಕಪ್ಪಗೆ ಕಂಡರೆ ಅದೇನೆಂದು ತಿಳಿಯಲು ಬೆಳಕು ಹೆಚ್ಚಬೇಕು. ಬೆಳಕು ಹೆಚ್ಚಲು ಜೋರಾಗಿ ತುಳಿಯಬೇಕು. ಹೀಗೆ ಜೋರಾಗಿ ತುಳಿದು, ಅದು ಎಮ್ಮೆ ಎಂದು ಎಮ್ಮೆಗೆ ಗುದ್ದಿದ ಮೇಲೆ ಸ್ಪಷ್ಟವಾಗಿ ತಿಳಿದುಕೊಂಡರು.

ಬೆಲ್ಲುಗಳೆಲ್ಲ ಸಪ್ಪೆ ಎನ್ನಿಸಿ ಕೊನೆಗೆ ಒಂದು ಹಾರ್ನ್ ತಂದರು. ಹಳೆಯ ಮೋಟಾರಿನದು, ರಬ್ಬರಿನ ಬುರುಡೆ ಒತ್ತಿದರೆ ಸಿರುಗುಪ್ಪ ಬಸ್ಸಿನ ದನಿಯೇ! ಕುರುಗೋಡಿನ ಅಗಸಿಬಾಗಿಲ ಹತ್ತಿರ ಬೇವಿನ ಮರದಡಿ ಜನ ಬಸ್ಸಿಗೆ ಕಾದು ಕೂತಿದ್ದರು. ತಿರುವಿನಾಚೆಯಿಂದ ಪೋಂ ಪೋಂ ಕೇಳಿಸಿತು. ಎಲ್ಲರೂ ಗಂಟುಮೂಟೆ ತಲೆಗೇರಿಸಿ, ಮಕ್ಕಳನ್ನು ಸೊಂಟಕ್ಕೇರಿಸಿ, ಮುದುಕರನ್ನು ಎಬ್ಬಿಸಿ ದಾರಿಯ ಅಂಚಿಗೆ ನುಗ್ಗಿದರು. ತಿರುವಿನಲ್ಲಿ ಕಾಣಿಸಿದ್ದು ನಮ್ಮ ಮಾವ. ಜನ ಮೂಟೆ ಇಳಿಸಿ ಬೈಯುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ ಪೋಂ ಪೋಂ ಎಂದಿತು. ಈ ಸಲ ಯಾರೂ ಏಳಲಿಲ್ಲ. ಬಂದದ್ದು ನಿಜವಾದ ಬಸ್ಸು. ಯಾರೂ ಕೈಮಾಡಲಿಲ್ಲವೆಂದು ಡ್ರೈವರ್ ನಿಲ್ಲಿಸದೆ ಹೋಗಿಯೇ ಬಿಟ್ಟ!

ಆ ದಿನದಿಂದ ಬಸ್ಸಿನ ಡ್ರೈವರಿಗೂ ಮಾವನಿಗೂ ಹಗೆ ಬೆಳೆಯಿತು. ದಾರಿಯಲ್ಲಿ ಎದುರಾದರೆ ಇಬ್ಬರೂ ಹಾರ್ನ್ ಒತ್ತಿ ಬೈದುಕೊಳ್ಳುವರು. ಒಂದು ಬೆಳಿಗ್ಗೆ ನಾನು ಸಿರುಗುಪ್ಪದಿಂದ ಬಳ್ಳಾರಿಗೆ ಹೋಗಲು ಬಸ್ಸು ಹತ್ತಿ ಕೂತಿದ್ದೆ. ಮಾವನಿಗೂ ಬಳ್ಳಾರಿಯಲ್ಲಿ ಕೆಲಸವಿತ್ತು. ಸೈಕಲ್ಲಿನ ಮೇಲೆ ಒಂದು ಕಾಲೂರಿ ನಿಂತು ಡ್ರೈವರಿಗೆ ಕೇಳುವಂತೆ ನನಗೆ ಹೇಳಿದರು: "ಲೇ ತಮ್ಮಾ, ಬಳ್ಳಾರ್‍ಯಾಗ ಚಾ ಹೇಳಿ ಕುಂತಿರ್ತೀನಿ. ನೀವು ಸಾವಕಾಶ ಬರ್ರಿ."

ಡ್ರೈವರಿನ ಮೀಸೆ ಕುಣಿಯಿತು. ಓಟ ಶುರು!

ಈಗಿನವರು ನಗಬಹುದು, ಬಸ್ಸಿನ ಎದುರು ಸೈಕಲ್ಲೇ ಎಂದು. ಆಗ ಯುದ್ಧದ ಕಾಲ ಸ್ವಾಮಿ. ಪೆಟ್ರೋಲಿಲ್ಲ. ಬಸ್ಸಿನ ಬೆನ್ನಿಗೆ ಇದ್ದಿಲಿನ ದೊಡ್ಡ ಒಲೆ ಕಟ್ಟಿ, ಅದರ ಹೊಗೆಯಿಂದ ಓಡಿಸುತ್ತಿದ್ದರು. ಸ್ವಲ್ಪ ದೂರಕ್ಕೊಮ್ಮೆ ಕ್ಲೀನರ್ ಇಳಿದು, ಒಲೆ ಕೆದಕಿ, ಇದ್ದಿಲು ಸುರಿದು, ಗಾಳಿ ತಿರುವಬೇಕು. ಬಸ್ಸು ಮಾವನನ್ನು ಹಿಂದೆ ಹಾಕುವುದು. ಒಲೆ ಆರಿ ನಿಂತಾಗ ಮಾವ ಕೊಂಬು ಹಿಡಿದು ಬಗ್ಗಿ, ಪೋಂ ಎಂದು ಪಕ್ಕದಲ್ಲೇ ಸಾಗುವುದು. ಬಸ್ಸಿನೊಳಗೆ ಜನ ಎರಡು ಪಂಗಡವಾದರು. ಯಾರಿಗೋ ಮದುವೆ ಜವಳಿ ತರಲು ಹೊರಟವರು ಜವಳಿ ಮರೆತರು. ಹಲ್ಲುನೋವಿಗೆ ಕೆನ್ನೆ ಕಟ್ಟಿಕೊಂಡು ಕೂತಿದ್ದ ರೈತನೊಬ್ಬ ಕಿಟಕಿಯಿಂದ ಅರ್ಧ ದೇಹ ಹೊರಹಾಕಿ, ತುಳೀರಿ ತುಳೀರಿ ಎಂದು ಕೂಗುತ್ತಿದ್ದ. ತಾವು ಕೂತ ಬಸ್ಸೇ ಸೋಲಲಿ ಎಂದು ಪ್ರಯಾಣಿಕರೇ ದೇವರಿಗೆ ಕಾಯಿ ಹರಸಿಕೊಂಡದ್ದನ್ನು ನಾನು ಅಲ್ಲಿ ಮಾತ್ರ ಕಂಡದ್ದು.

ದೂರದಲ್ಲಿ ಬಳ್ಳಾರಿಯ ಗುಡ್ಡ ಕಾಣಿಸಿತು. ಅಲ್ಲೊಂದು ಏರಿನಲ್ಲಿ ಬಸ್ಸು ಕೆಮ್ಮಿ, ನಡುಗಿ, ನಿಂತೇಬಿಟ್ಟಿತು. ಮಾವ ಪಕ್ಕದಲ್ಲಿ ಸಾಗಿ, ಏರು ಹತ್ತಿ, ಕಣ್ಮರೆಯಾದರು. ಗೆದ್ದರಲ್ಲ! ನಾವೆಲ್ಲ ಇಳಿದು ಬಸ್ಸು ದೂಡತೊಡಗಿದೆವು. ಅಷ್ಟರಲ್ಲಿ ಏರಿನ ತಲೆಯಲ್ಲಿ ಮಾವ ಮತ್ತೆ ಕಾಣಿಸಿಕೊಂಡರು. ಅವರಿಗೆ ಹಿಂದೆ ಬಸ್ಸಿನ ಸದ್ದೇ ಕೇಳಿಸುತ್ತಿಲ್ಲ. ನೋಡುವವರಿಲ್ಲದೆ ಗೆದ್ದು ಏನು ಸುಖ? ತಿರುಗಿ ಬಂದರು. ಬಂದವರು ಜನ ಬೆವರುವುದನ್ನು ನೋಡಿ, ಸೈಕಲ್ಲನ್ನು ಜಾಲಿ ಮರಕ್ಕೆ ಒರಗಿಸಿ, ತಾವೂ ಹೆಗಲು ಕೊಟ್ಟರು. ಮಾವ ದೂಡಿದ್ದೇ ತಡ, ಬಸ್ಸು ಗುರ್ ಎಂದಿತು. ನಾವೆಲ್ಲ ಓಡಿ ಹತ್ತಿಕೊಂಡೆವು. ಡ್ರೈವರ್ ನಿಲ್ಲಿಸಿದರೆ ಮತ್ತೆ ಎಲ್ಲಿ ಆರುತ್ತದೋ ಎಂದು ಒಂದೇ ಉಸಿರಿಗೆ ಬಳ್ಳಾರಿ ಸೇರಿಸಿಬಿಟ್ಟ. ಮಾವ ಜಾಲಿ ಮರದ ಬಳಿ ದೂಳಿನಲ್ಲಿ ನಿಂತದ್ದು ಹಿಂದಿನ ಕಿಟಕಿಯಲ್ಲಿ ಕಾಣಿಸುತ್ತಲೇ ಇತ್ತು.

ಚಾ ಹೇಳಿ ಕಾದು ಕೂತವನು ನಾನೇ ಆದೆ. ಮಾವ ಬಂದು ಕೂತು, ಬಸಿಯಲ್ಲಿ ಚಾ ಸುರಿದುಕೊಂಡು, ಬಹಳ ಸಂತೋಷದಿಂದ ಹೇಳಿದರು: "ನಾ ದೂಡದಿದ್ರ ಬಸ್ ಎಲ್ಲಿ ಗೆಲ್ತಿತ್ತು? ಸೈಕಲ್ ಕಡಿಗೂ ನಾನ ಗೆದ್ದೆ, ಬಸ್ಸಿನ ಕಡಿಗೂ ನಾನ ಗೆದ್ದೆ."

ಇಂಥವರೊಂದಿಗೆ ಅಕ್ಕ ಹೇಗೆ ಬಾಳುತ್ತಿದ್ದಳು ಎಂದು ಕೇಳುತ್ತೀರಲ್ಲವೆ? ಜೋರಾಗಿಯೇ ಬಾಳುತ್ತಿದ್ದಳು. ಕೊಬ್ಬರಿ ಎಣ್ಣೆ ತಲೆಗಿಂತ ಚೈನಿಗೆ ಹೆಚ್ಚು ಹೋಗುತ್ತದೆ ಎಂದು ರೇಗುವಳು. ತನ್ನ ಹಳೆಯ ಇಳಕಲ್ ಸೀರೆಯ ಸೆರಗು ಸೀಟಿನ ಗವಸಾದದ್ದನ್ನು ಕಂಡ ದಿನ ಗಂಡನಿಗೆ ಅನ್ನವನ್ನು ಸೈಕಲ್ಲಿನ ಪಕ್ಕದಲ್ಲೇ ಬಡಿಸಿದಳು. ಮಾವ ಅಲ್ಲೇ ಕೂತು ಉಂಡು, ಗಾಳಿ ಚೆನ್ನಾಗಿದೆ ಎಂದರು. ಅಕ್ಕ ಮೂಗು ಮುರಿದು ಒಳಗೆ ಹೋಗಿ ನಕ್ಕಳು. ಆಕೆಯ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹೊಳೆಗೆ, ಸಂತೆಗೆ, ಓಣಿಯ ಎಲ್ಲ ಮನೆಗಳ ಹಪ್ಪಳಕ್ಕೆ ಅವಳೇ ಮುಂದು.

ಸಾವಿರದ ಒಂಬೈನೂರ ಐವತ್ತರ ಆಸುಪಾಸಿನಲ್ಲಿ ಅಕ್ಕನಿಗೆ ಜ್ವರ ಬಂತು. ಬಹಳ ದಿನ ಬಿಡಲಿಲ್ಲ. ಬಳ್ಳಾರಿಯ ಡಾಕ್ಟರ ಔಷಧದಿಂದ ಜೀವವೇನೋ ಉಳಿಯಿತು; ಸೊಂಟದ ಕೆಳಗಿನ ಶಕ್ತಿ ಹೋಯಿತು. ಗೋಡೆ ಹಿಡಿದು ಹಿತ್ತಲ ಬಾಗಿಲಿನವರೆಗೆ ಹೋಗುವಳು, ಅಷ್ಟೆ. ಕಟ್ಟಿಗೆಯಂತಾದ ಕಾಲುಗಳನ್ನು ಯಾರೂ ನೋಡಬಾರದೆಂದು ಬೀದಿಯ ಬಾಗಿಲನ್ನು ಮುಚ್ಚಿಸಿಟ್ಟಳು. ಬಂಡಿ ತರಿಸುತ್ತೇವೆ, ತವರಿಗೆ ಬಾ ಎಂದರೂ ಬರಲಿಲ್ಲ. ಬಂಡಿಗೆ ಎತ್ತಿ ಹಾಕುವಾಗ ಓಣಿಯೆಲ್ಲ ನಿಂತು ಅಯ್ಯೋ ಪಾಪ ಎನ್ನುವುದು ತನಗೆ ಬೇಡ ಎಂದಳು. ನಗುವುದನ್ನಂತೂ ಬಿಟ್ಟೇಬಿಟ್ಟಳು.

ಅವಳನ್ನು ನೋಡಿ ಬರಲು ಸಿರುಗುಪ್ಪಕ್ಕೆ ಹೋದೆ. ಊರಿಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಕಾಲುವೆಯ ಏರಿಯ ಮೇಲೆ ಮಾವ ಕಂಡರು. ಸೈಕಲ್ಲಿನ ಕೊಂಬು ಮಾಯವಾಗಿ ನೇರ ಹ್ಯಾಂಡಲ್ಲು ಬಂದಿತ್ತು. ಹಿಂದೆ ಬೆತ್ತದ ಪುಟ್ಟ ಕುರ್ಚಿ. ಅದಕ್ಕೆ ಒರಗು, ಎರಡೂ ಕಡೆ ಕೈಯಾನಿಕೆ, ಕೆಳಗೆ ಪಾದ ಇಡಲು ಹತ್ತಿ ತುಂಬಿದ ಹಲಗೆ. ಕುರ್ಚಿಯಲ್ಲಿ ಸೀರೆಯ ತುಂಡಿನಿಂದ ಕಟ್ಟಿದ ಒಂದು ಭತ್ತದ ಚೀಲ. ಮಾವ ನಡಿಗೆಗಿಂತ ಸಾವಕಾಶವಾಗಿ ಸೈಕಲ್ ತುಳಿಯುತ್ತಾ, ಆಗಾಗ ಹಿಂತಿರುಗಿ ಚೀಲದೊಂದಿಗೆ ಮಾತನಾಡುತ್ತಿದ್ದರು.

"ಕುಲುಕ್ತೈತೇನು? ಕಾಲು ನೋಯ್ತಾವೇನು? ನಿಂದ್ರಸ್ಲ್ಯಾ?"

ಮಾವನಿಗೆ ಪೂರಾ ತಲೆ ಕೆಟ್ಟಿತು ಎಂದುಕೊಂಡೆ. ಓಡಿ ಹೋಗಿ ಹಿಡಿದು ನಿಲ್ಲಿಸಿದೆ. ಮಾವ ಇಳಿದು ಬೆವರೊರೆಸಿಕೊಂಡರು.

"ಚೀಲ ನಿಮ್ಮಕ್ಕನ ತೂಕ ಐತಿ" ಎಂದರು. "ಮೊದಲ ಇದನ್ನ ಬೀಳಿಸದಂಗ ಒಯ್ಯಾಕ ಕಲೀಬೇಕಲ್ಲೋ. ಆಕಿ ಒಮ್ಮೆ ಬಿದ್ಲಂದ್ರ ಮತ್ತ ಹತ್ತಂಗಿಲ್ಲ."

ಬಹಳ ದಿನಗಳಿಂದ ಇದು ನಡೆದಿತ್ತಂತೆ. ಮೊದಮೊದಲು ಚೀಲ ದಿನಕ್ಕೊಂದು ಸಲ ಉರುಳುತ್ತಿತ್ತು. ಉರುಳಿದಾಗಲೆಲ್ಲ ಕುರ್ಚಿ ಬಿಚ್ಚಿ ಬೇರೆ ಬಗೆಯಲ್ಲಿ ಕಟ್ಟುವುದು. ಅಷ್ಟು ಹೇಳಿ ಮಾವ ಮಣಿಕಟ್ಟಿನ ಹತ್ತಿರ ಕಿತ್ತ ಚರ್ಮ ಕಾಣದಂತೆ ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡರು. ಚೀಲ ಉರುಳಿದಾಗೆಲ್ಲ ಅದರ ಕೆಳಗೆ ತಾವೇ ಬೀಳುತ್ತಿದ್ದರೆಂದು ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಅಕ್ಕನ ಮುಂದೆ ಸೈಕಲ್ಲನ್ನು ನಡುಮನೆಯೊಳಕ್ಕೇ ತಂದು ನಿಲ್ಲಿಸಿದರು. ಅಕ್ಕ ಕುರ್ಚಿಯನ್ನು ನೋಡಿದಳು, ಹಲಗೆಯನ್ನು ನೋಡಿದಳು. ಒಲ್ಲೆ, ಮಂದಿ ನಗುತ್ತಾರೆ ಎಂದಳು.

"ನಗ್ಲಿ ಬಿಡು" ಎಂದರು ಮಾವ. "ನನ್ನ ನೋಡಿ ನಕ್ಕೊಂಡ್ ಹೋಗ್ತಾರ. ನಿನ್ ಯಾರ್ ನೋಡ್ತಾರ?"

ಅಕ್ಕ ಗೋಡೆ ಹಿಡಿದು ಎದ್ದು ನಿಂತಳು. ನಾನೂ ಮಾವನೂ ಸೇರಿ ಆಕೆಯನ್ನು ಕೂರಿಸಿದೆವು. ಸೆರಗು ಗಾಲಿಗೆ ಸಿಗದಂತೆ ಮಾವ ಮಂಡಿಯೂರಿ ಸಿಕ್ಕಿಸಿ, ಪಾದಗಳನ್ನು ಒಂದೊಂದಾಗಿ ಎತ್ತಿ ಹಲಗೆಯ ಮೇಲಿಟ್ಟರು. ಬೀದಿಯ ಬಾಗಿಲು ತೆರೆಯಿತು. ಓಣಿಯವರು ನಿಂತು ನೋಡಿದರು. ಯಾರೋ ನಕ್ಕರು ಕೂಡ. ಮಾವ ಅವರ ಕಡೆ ರಾಜನಂತೆ ಕೈಯೆತ್ತಿದರು. ಅಕ್ಕ ಮಾತ್ರ ಕಣ್ಣು ಮುಚ್ಚಿಕೊಂಡು, ಗಂಡನ ಅಂಗಿಯನ್ನು ಹಿಂದಿನಿಂದ ಎರಡೂ ಕೈಗಳಲ್ಲಿ ಹಿಡಿದಿದ್ದಳು. ನಾನು ಪಕ್ಕದಲ್ಲೇ ನಡೆದೆ.

ಊರು ದಾಟಿ ಏರಿಯ ಮೇಲೆ ಬಂದಾಗ ಭತ್ತದ ಗದ್ದೆಗಳ ಮೇಲಿನಿಂದ ತಣ್ಣನೆಯ ಗಾಳಿ ಬೀಸಿತು. ಅಕ್ಕ ಕಣ್ಣು ತೆರೆದಳು. ಹಸಿರನ್ನೂ ನೀರನ್ನೂ ಬಹಳ ಹೊತ್ತು ನೋಡಿದಳು. ಮಾವನಿಗೆ ಅವಳ ಮುಖ ಕಾಣುವಂತಿರಲಿಲ್ಲ. ಸುಮ್ಮನಿದ್ದಾಳೆಂದು ಗಾಬರಿಯಾಗಿರಬೇಕು, ನಿಲ್ಲಿಸಿ, ಕಾಲೂರಿ, ಸಾಕಾಯಿತೇ, ಮನೆಗೆ ತಿರುಗಿಸಲೇ ಎಂದು ಕೇಳಿದರು.

ಅಕ್ಕ ಅಂಗಿಯಿಂದ ಒಂದು ಕೈ ಬಿಟ್ಟು, ಮುಖದ ಮೇಲೆ ಹಾರುತ್ತಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು.

"ಇನ್ನೊಂಚೂರು ಮುಂದ ಹೋಗೂಣ್ರಿ" ಎಂದಳು.