ಬಣ್ಣ ಬಿಟ್ಟ ಸಮುದ್ರಕ್ಕೆ ಬಣ್ಣ ಹಾಕುವವನ ಅಹವಾಲು

ಮಾನ್ಯ ಅರಬ್ಬೀ ಸಮುದ್ರದವರೇ,

ತಮಗೂ, ಮೀನು, ಆಮೆ, ಏಡಿ ಮುಂತಾದ ತಮ್ಮ ಸಮಸ್ತ ಸಂಸಾರಕ್ಕೂ ಚನ್ನಪಟ್ಟಣದ ಗೊಂಬೆ ಕೆಲಸಗಾರ ಸಾದಿಕ್ ಮಾಡುವ ಸಲಾಮುಗಳು. ಐವತ್ತೆಂಟು ವರ್ಷ ಬದುಕಿಯೂ ನಾನು ತಮ್ಮನ್ನು ಕಣ್ಣಾರೆ ಕಂಡವನಲ್ಲ; ಕಂಡ ಅತಿ ದೊಡ್ಡ ನೀರೆಂದರೆ ಕಣ್ವ ಜಲಾಶಯ, ಅದರಲ್ಲೂ ಮೊಣಕಾಲಿನವರೆಗೆ ಮಾತ್ರ ಇಳಿದ ಧೈರ್ಯಶಾಲಿ. ಇಂಥವನು ತಮ್ಮ ಮೇಲೆ ದೂರು ಬರೆಯುವುದು ಅಧಿಕಪ್ರಸಂಗವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಲಕ್ಷದ್ವೀಪದ ಶಾಲೆಯೊಂದರ ಟೀಚರ್ ಹಫೀಜಾ ಅವರು ಮಕ್ಕಳಿಗೆ ತೋರಿಸಲು ಒಂದು ಡಜನ್ ಮರದ ಆಟಿಕೆ ಬೇಕೆಂದು ಬರೆದಿದ್ದರು. ಏನು ಆಟಿಕೆಯೆಂದು ಮೊಮ್ಮಗಳು ಅಸ್ರಾ ಫೋನಿನಲ್ಲಿ ಕನ್ನಡ ಮಾಡಿ ಓದಿದಳು: 'ಹವಳದ ಬಂಡೆ'. ನನಗೆ ಮರ ತಂದುಕೊಡುವ ಕೂಟಗಲ್ಲಿನ ಗಂಗಯ್ಯ ಅಲ್ಲೇ ಇದ್ದವನು, "ಬಂಡೆ ಅಂದ್ರೆ ಬಂಡೇನೇ ಕಣ್ಲಾ, ನಮ್ ರಾಮನಗರದಾಗೆ ಇಲ್ದಿರೋ ಬಂಡೆ ಇನ್ನೆಲ್ಲೈತೆ? ಕೆಂಪು ಒಸಿ ಜಾಸ್ತಿ ಹಾಕು, ಹವಳ ಆಯ್ತದೆ" ಎಂದು ತೀರ್ಪು ಕೊಟ್ಟ. ಮೂರ್ಖನಾದ ನಾನು ರಾಮನಗರದ ರಾಮದೇವರ ಬೆಟ್ಟವನ್ನೇ ಮರದಲ್ಲಿ ಕಡೆದು, ಉಂಗುರದ ಹವಳದಂತೆ ಕೆಂಪಗೆ ಮಿರುಗಿಸಿ, ಚೆಂದಕ್ಕಿರಲೆಂದು ನೆತ್ತಿಯ ಮೇಲೆ ಆ ಬೆಟ್ಟದ ರಣಹದ್ದೊಂದನ್ನೂ ಕೂರಿಸಿ ಅದರ ಫೋಟೋ ಕಳಿಸಿದೆ.

ಟೀಚರಮ್ಮ ಬಿದ್ದು ಬಿದ್ದು ನಕ್ಕರಂತೆ. ಆಮೇಲೆ ಎರಡು ಫೋಟೋ ಕಳಿಸಿದರು. ಏಳು ವರ್ಷ ಹಿಂದಿನ ಒಂದರಲ್ಲಿ ನೀರಿನ ಕೆಳಗೆ ನೇರಳೆ, ಹಳದಿ, ಪಾಚಿ ಹಸಿರು, ನಮ್ಮ ಅಂಗಡಿಯಲ್ಲೂ ಇಲ್ಲದ ಬಣ್ಣಗಳು. ಈಚಿನದರಲ್ಲಿ ಅದೇ ಜಾಗ ಬೆಳ್ಳಗೆ, ಮೂಳೆಯ ಹಾಗೆ. ಹವಳ ಕಲ್ಲಲ್ಲ, ಜೀವ. ನೀರು ಬಿಸಿಯಾದರೆ ಬಣ್ಣ ಬಿಡುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. ಅದು ಸತ್ತರೆ ಮೀನಿಗೆ ಮನೆಯಿಲ್ಲ, ಅಲೆಗೆ ಅಡ್ಡವಿಲ್ಲ ಎಂದು ವಿವರಿಸಿ, ಆರು ಬಣ್ಣದವು, ಆರು ಬಿಳಿಯವು ಮಾಡಿಕೊಡಿ ಎಂದರು.

ಮಾನ್ಯರೇ, ನನ್ನ ತಲೆ ಕೆಟ್ಟದ್ದು ಇಲ್ಲೇ. ನಮ್ಮ ಕಸುಬಿನಲ್ಲಿ ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತೇವೆ. ಉಜ್ಜಾಟಕ್ಕೆ ಬಿಸಿಯೆದ್ದಾಗಲೇ ಬಣ್ಣ ಹತ್ತುವುದು. ಅದೇ ಬಿಸಿಯಿಂದ ಬಣ್ಣ ಕಳಚಿಹಾಕುವ ತಮ್ಮ ಕೈಚಳಕಕ್ಕೆ ಶರಣು! ಆದ್ದರಿಂದ ತಾವು ದಯಮಾಡಿ ಕೆಂಗಲ್ ದಾಟಿ ನಮ್ಮ ಅಂಗಡಿಗೆ ಬಿಜಯಂಗೈದು, ಒಂದು ವಾರ ನನ್ನ ಪಕ್ಕ ಕೂತು ಕೆಲಸ ಕಲಿಯಬೇಕೆಂದು ಕೋರುತ್ತೇನೆ. ಬರುವಾಗ ಅಲೆಗಳನ್ನು ಅಲ್ಲೇ ಬಿಟ್ಟು ಬನ್ನಿ, ನಮ್ಮ ಬೀದಿಯ ಚರಂಡಿ ಸಣ್ಣ ಮಳೆಗೇ ಉಕ್ಕುತ್ತದೆ.

ತಮ್ಮನ್ನು ಹೀಗೆ ಬಿಸಿ ಮಾಡಿದವರು ಯಾರೆಂದು ತಾವು ಕೇಳಬಹುದು. ನೂರು ಹೆಜ್ಜೆ ದೂರದ ಟೀ ಅಂಗಡಿಗೆ ಸ್ಕೂಟರ್ ಹತ್ತಿ ಹೋಗುವ, ಅಲ್ಲಿ ಗಂಗಯ್ಯನ ಜೊತೆ ಹರಟುವಷ್ಟು ಹೊತ್ತೂ ಎಂಜಿನ್ ಆರಿಸದೆ ನಿಲ್ಲಿಸುವ ಈ ಸಾದಿಕ್‌ನ ಹೆಸರನ್ನು ಪಟ್ಟಿಯಲ್ಲಿ ಎಲ್ಲಾದರೂ ಕೆಳಗಡೆ ಬರೆದುಕೊಳ್ಳಿ. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಟ್ಟೆ.

ಬಣ್ಣದ ಆರನ್ನು ಹಳೆಯ ಫೋಟೋ ನೋಡಿ ಮಾಡಿ ಕಳಿಸಿದ್ದಾಯಿತು. ಬಿಳಿಯ ಆರು ಇನ್ನೂ ನನ್ನ ಹಲಗೆಯ ಮೇಲಿವೆ. ಅವಕ್ಕೆ ಕೆಲಸವೇ ಇಲ್ಲ. ನಾವು ಕಡೆಯುವ ಹಾಲೆ ಮರವೇ ಬಿಳಿ, ಅರಗು ಹಚ್ಚದೆ ಬಿಟ್ಟರೆ ಮುಗಿಯಿತು. ನಲವತ್ತು ವರ್ಷದಲ್ಲಿ ಬಣ್ಣ ಹಾಕದ ಗೊಂಬೆಯನ್ನು ಅಂಗಡಿ ದಾಟಿಸಿದವನಲ್ಲ ನಾನು. "ಆಗೈತೆ ಅಂತ ಕಳ್ಸು ಕಣ್ಲಾ" ಎನ್ನುತ್ತಾನೆ ಗಂಗಯ್ಯ. ಆಗಿದೆ ಎನ್ನಲು ನನಗೆ ಮನಸ್ಸೊಪ್ಪುತ್ತಿಲ್ಲ. ತಾವು ಒಂದೆರಡು ವರ್ಷ ತಣ್ಣಗಿರುವ ಕೃಪೆ ಮಾಡಿದರೆ ಆ ಆರಕ್ಕೂ ಬಣ್ಣ ಹಚ್ಚಿ ಕಳಿಸುತ್ತೇನೆ. ಅಲ್ಲಿಯವರೆಗೆ ಅವು ಅರ್ಧ ಕೆಲಸ ಎಂದೇ ನನ್ನ ವಾದ.

ಇಂತು, ಮೊಣಕಾಲು ನೀರಿನ
ತಮ್ಮ ವಿಶ್ವಾಸಿ,
ಸಾದಿಕ್

ಮರೆತಿದ್ದೆ: ಬಣ್ಣದ ಆರನ್ನು ಮೇಜಿನ ಮೇಲಿಟ್ಟಾಗ ಒಂದನೇ ತರಗತಿಯ ಮಗುವೊಂದು, "ಇದು ಚನ್ನಪಟ್ಟಣದ ಸಮುದ್ರವಾ?" ಎಂದು ಟೀಚರನ್ನು ಕೇಳಿತಂತೆ. ಇಲ್ಲಮ್ಮ, ನಿನ್ನದೇ ಎಂದು ಬರೆಯಲು ನನಗೆ ಕೈ ಬರಲಿಲ್ಲ. ಉತ್ತರವನ್ನು ತಾವೇ ಹೋಗಿ ಕೊಡತಕ್ಕದ್ದು. ದೂರವೇನಿಲ್ಲ, ಶಾಲೆ ತಮ್ಮ ದಂಡೆಯಲ್ಲೇ ಇದೆ. ವರ್ಷ ವರ್ಷಕ್ಕೂ ಇನ್ನಷ್ಟು ಹತ್ತಿರವಾಗುತ್ತಿದೆಯಂತೆ.